ಎಷ್ಟು ಜನ ಇಳಿದರೋ ಅಷ್ಟೇ ಜನ ಹತ್ತಬೇಕು

ಬೆಳಗಿನ ಆರು ಗಂಟೆ. ಎರಡು ಬಾವಿಗಳ ಓಣಿಗೆ ಇನ್ನೂ ಬಿಸಿಲು ಇಳಿದಿಲ್ಲ. ಎದುರುಬದುರು ಮನೆಗಳ ನಡುವೆ ಕಟ್ಟಿದ ಹಗ್ಗಗಳಲ್ಲಿ ನಿನ್ನೆಯ ಬಟ್ಟೆಗಳು ಹಾಗೇ ಜೋತಾಡುತ್ತಿವೆ. ಕಾಫಿ ಅಂಗಡಿಯ ಕಬ್ಬಿಣದ ಬಾಗಿಲು ಅರ್ಧ ಮೇಲೇರಿದೆ. ಅದರ ಪಕ್ಕದಲ್ಲಿ ಬಣ್ಣ ಎದ್ದುಹೋದ ಒಂದು ಹಸಿರು ಬಾಗಿಲಿನ ಮುಂದೆ ತಿತಿನಾ ಕಕಾಚೆ ಬಗ್ಗಿ ಬೀಗ ತೆಗೆಯುತ್ತಿದ್ದಾರೆ. ಕಂಕುಳಲ್ಲಿ ಪೊರಕೆ, ಜೇಬಿನಲ್ಲಿ ಬ್ಯಾಟರಿ, ಒಂದು ಕೈಯಲ್ಲಿ ತಟ್ಟೆ ಮುಚ್ಚಿದ ಒಂದು ಲೋಟ ನೀರು.

"ಗೋಡೆ ಹಿಡ್ಕೊಂಡು ಬನ್ನಿ ದೊತ್ತೋ. ಅರವತ್ತನೇ ಮೆಟ್ಟಿಲು ಮುರಿದಿದೆ, ಅಲ್ಲಿ ನಾನು ಹೇಳ್ತೀನಿ," ಎನ್ನುತ್ತಾರೆ. ನಾನು ಯಾವ ಡಾಕ್ಟರೂ ಅಲ್ಲ. ನೇಪಲ್ಸಿನಲ್ಲಿ ಕನ್ನಡಕ ಹಾಕಿಕೊಂಡು ಕೈಯಲ್ಲಿ ಪುಸ್ತಕ ಹಿಡಿದವರೆಲ್ಲ ದೊತ್ತೋಗಳೇ. ಇದೇ ಓಣಿಯ ಮೂರನೇ ಮಹಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಆದರೂ ಬೆಳಗಿನ ಈ ಹೊತ್ತಿನಲ್ಲಿ ಹಸಿರು ಬಾಗಿಲು ದಾಟುತ್ತಿರುವುದು ಇದೇ ಮೊದಲು.

ನೂರ ಮೂವತ್ತೊಂದು ಮೆಟ್ಟಿಲು. ಇಪ್ಪತ್ತು ಇಳಿಯುವಷ್ಟರಲ್ಲಿ ಓಣಿಯ ಸದ್ದು ನಿಲ್ಲುತ್ತದೆ. ಐವತ್ತು ಇಳಿದ ಮೇಲೆ ನಮ್ಮ ಉಸಿರೇ ನಮಗೆ ಬೇರೆ ಯಾರದೋ ಅನ್ನಿಸುತ್ತದೆ. ಕೆಳಗೆ ಮೆದುವಾದ ಹಳದಿ ಕಲ್ಲಿನಲ್ಲಿ ಕೊರೆದ ಮೂರು ಕೋಣೆಗಳಿವೆ. ಒಂದು ಕಾಲಕ್ಕೆ ಊರಿಗೆ ನೀರು ತುಂಬಿಡುತ್ತಿದ್ದ ತೊಟ್ಟಿಗಳಿವು. ಯುದ್ಧದ ವರ್ಷಗಳಲ್ಲಿ ಮೇಲಿಂದ ಬಾಂಬು ಬೀಳುವಾಗ ಓಣಿಯವರೆಲ್ಲ ಬಂದು ಕೂರುತ್ತಿದ್ದ ಆಸರೆ. ತುಕ್ಕು ಹಿಡಿದ ಒಂದು ಮಂಚ, ಮಗುವಿನ ಪಿಂಗಾಣಿ ಬಟ್ಟಲು, ಗೋಡೆಯ ಮೇಲೆ ಮೊಳೆಯಿಂದ ಗೀಚಿದ ಹೆಸರುಗಳು ಎಲ್ಲವೂ ಬಿಟ್ಟುಹೋದಲ್ಲೇ ಇವೆ.

ತಿತಿನಾ ಮೊದಲು ಮೂರನೇ ಕೋಣೆಗೆ ಹೋಗುತ್ತಾರೆ. ಅಲ್ಲಿನ ಮೂಲೆಯಲ್ಲಿ, ಗೋಡೆಗಂಟಿದ ಕಲ್ಲಿನ ಕಟ್ಟೆಯ ಮೇಲೆ ನಿನ್ನೆಯ ಲೋಟವಿದೆ. ಅದನ್ನು ಬ್ಯಾಟರಿಯ ಬೆಳಕಿಗೆ ಹಿಡಿದು ನನಗೆ ತೋರಿಸುತ್ತಾರೆ.

"ಎರಡು ಬೆರಳು ಕಮ್ಮಿ ಆಗಿದೆ, ನೋಡಿ. ಇಲ್ಲಿ ಒದ್ದೆ ಬಟ್ಟೆ ಹಾಕಿದರೆ ವಾರವಾದರೂ ಒಣಗಲ್ಲ. ಲೋಟದ ನೀರು ಹೇಗೆ ಆರುತ್ತೆ, ನೀವೇ ಹೇಳಿ."

ಅವರು ಉತ್ತರಕ್ಕೆ ಕಾಯುವುದಿಲ್ಲ. ಹೊಸ ಲೋಟವಿಟ್ಟು, ಮೂಲೆಯ ಕಡೆ ತಿರುಗಿ, ಪಕ್ಕದ ಮನೆಯವರ ಜೊತೆ ಮಾತಾಡುವ ದನಿಯಲ್ಲೇ ಹೇಳುತ್ತಾರೆ: "ಬಂದೆ ಕಣಮ್ಮ. ಇವರು ನಮ್ಮೋರೇ, ಮೂರನೇ ಮಹಡಿಯವರು. ಪೇಪರಿಗೆ ಬರೀತಾರಂತೆ. ಹೆದರ್ಕೋಬೇಡ."

ಹೆದರಿದ್ದು ನಾನು.

ತಿತಿನಾ ಅವರಿಗೆ ಈಗ ಅರವತ್ತೊಂಬತ್ತು. ಹದಿನಾರು ವರ್ಷದಿಂದ ಈ ಬಾಗಿಲಿನ ಕೀಲಿ ಅವರ ಸೊಂಟದಲ್ಲಿದೆ. ಗುರುವಾರ, ಶುಕ್ರವಾರ, ಶನಿವಾರ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಆಸರೆ ತೆರೆದಿರುತ್ತದೆ. ದಿನಕ್ಕೆ ಹತ್ತು ಹದಿನೈದು ಜನ ಬಂದರೆ ಹೆಚ್ಚು. ಅರಮನೆ, ಕೋಟೆ, ಜ್ವಾಲಾಮುಖಿ ನೋಡಲು ಬಂದ ಮಂದಿ ಈ ಓಣಿಗೆ ತಿರುಗುವುದಿಲ್ಲ. ಬರುವವರು ಹೆಚ್ಚಾಗಿ ನಿವೃತ್ತರು. ಬದುಕಿಡೀ ದುಡಿದು, ಈಗ ಒಂದೊಂದೇ ಊರನ್ನು ನಿಧಾನವಾಗಿ ನೋಡುವವರು.

"ಅವರಿಗೆ ಅವಸರ ಇರಲ್ಲ. ಇಳಿಯೋಕೆ ಅರ್ಧ ಗಂಟೆ, ಹತ್ತೋಕೆ ಒಂದು ಗಂಟೆ. ದೊಡ್ಡದೆಲ್ಲ ನೋಡಿ ಮುಗಿಸಿ, ಕಾಲು ನೋವು ಬಂದ ಮೇಲೆ ನನ್ನ ಹತ್ರ ಬರ್ತಾರೆ," ಎಂದು ನಗುತ್ತಾರೆ. "ಇಷ್ಟು ಮೆಟ್ಟಿಲಿದೆ ಅಂತ ಮೊದಲೇ ಹೇಳಿದರೆ ಒಬ್ಬರೂ ಬರಲ್ಲ. ಅದಕ್ಕೆ ಕೇಳೋವರೆಗೂ ಹೇಳಲ್ಲ."

ಕೀಲಿ ಹಿಡಿಯುವ ಮೊದಲು ತಿತಿನಾ ಕೈಗವಸು ಹೊಲಿಯುತ್ತಿದ್ದರು. ಈ ಬಡಾವಣೆಯ ಅರ್ಧ ಮನೆಗಳಲ್ಲಿ ಒಂದು ಕಾಲಕ್ಕೆ ಅದೇ ಕೆಲಸ. ಒಂಬತ್ತನೇ ವಯಸ್ಸಿಗೆ ಸೂಜಿ ಹಿಡಿದವರು ಮೂವತ್ತೆಂಟು ವರ್ಷ ಬಿಡಲಿಲ್ಲ. ಗಂಡ ಸಬಾತೊ ಚರ್ಮ ಕತ್ತರಿಸುತ್ತಿದ್ದರು, ಇವರು ಅಂಟು ಹಾಕಿ ಹೊಲಿಯುತ್ತಿದ್ದರು. ಆ ಅಂಟಿನ ಹೊಗೆ ಸಬಾತೊ ಅವರ ಪುಪ್ಪುಸ ತಿಂದಿತು, ತಿತಿನಾ ಅವರ ಬೆರಳ ತುದಿಗಳ ಸ್ಪರ್ಶವನ್ನು ತಿಂದಿತು. "ಬಿಸಿ ಪಾತ್ರೆ ಮುಟ್ಟಿದರೂ ಗೊತ್ತಾಗಲ್ಲ. ವಾಸನೆ ಬಂದ ಮೇಲೆ ಗೊತ್ತಾಗುತ್ತೆ," ಎನ್ನುತ್ತಾ ಸುಟ್ಟ ಕಲೆಗಳ ಹತ್ತು ಬೆರಳನ್ನೂ ಚಾಚಿ ತೋರಿಸುತ್ತಾರೆ. ಮುಂದೆ ಹೇಳುವ ಘಟನೆಗೆ ಈ ಬೆರಳುಗಳ ವಿಚಾರ ಬೇಕಾಗುತ್ತದೆ.

ಅದಕ್ಕೂ ಮೊದಲು ಮೂರನೇ ಕೋಣೆಯ ಹೆಂಗಸಿನ ಕತೆ ಹೇಳಬೇಕು.

ಸಾವಿರದ ಒಂಬೈನೂರ ನಲವತ್ತಮೂರರ ಬೇಸಿಗೆಯಲ್ಲಿ ಒಂದು ದಿನ ಸೈರನ್ ಕೂಗಿ ಓಣಿಯವರೆಲ್ಲ ಕೆಳಗೆ ಓಡಿದಾಗ, ಅವರ ನಡುವೆ ಯಾರಿಗೂ ಗೊತ್ತಿಲ್ಲದ ಒಬ್ಬ ಹೆಂಗಸೂ ಇಳಿದಳು. ಮರದ ಅಟ್ಟೆಯ ಚಪ್ಪಲಿ, ಕೈಯಲ್ಲೊಂದು ಗಂಟು. ಬಂದವಳೇ ಮೂರನೇ ಕೋಣೆಯ ಮೂಲೆಯಲ್ಲಿ ಕೂತಳು. ಅಪಾಯ ಕಳೆಯಿತೆಂದು ಸೈರನ್ ಕೂಗಿದಾಗ ಎಲ್ಲರೂ ಹತ್ತಿದರು, ಬಾಗಿಲು ಹಾಕಿದರು. ಹತ್ತಿದವರನ್ನು ಯಾರೂ ಎಣಿಸಲಿಲ್ಲ. ಆಮೇಲೆ ಎಂಟು ದಿನ ಸೈರನ್ ಕೂಗಲಿಲ್ಲ, ಬಾಗಿಲು ತೆಗೆಯುವ ಅಗತ್ಯವೂ ಬೀಳಲಿಲ್ಲ. ಒಂಬತ್ತನೇ ದಿನ ತೆಗೆದಾಗ ಅವಳು ಅದೇ ಮೂಲೆಯಲ್ಲಿ ಕೂತಿದ್ದಳು. ಕಾಲು ಮುರಿದಿತ್ತು. ಹೆಸರು ಯಾರಿಗೂ ಗೊತ್ತಾಗಲಿಲ್ಲ.

ಹೆಸರಿಲ್ಲದ ಸತ್ತವರನ್ನು ಈ ಊರಿನ ಹೆಂಗಸರು ಸುಮ್ಮನೆ ಬಿಡುವುದಿಲ್ಲ. ಯಾರಾದರೊಬ್ಬರು ತಮ್ಮವರೆಂದು ಹಚ್ಚಿಕೊಳ್ಳುತ್ತಾರೆ, ದೀಪ ಹಚ್ಚುತ್ತಾರೆ, ನೀರಿಡುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ. ಮೂರನೇ ಕೋಣೆಯವಳನ್ನು ಹಚ್ಚಿಕೊಂಡವರು ಆಗ ಹತ್ತೊಂಬತ್ತರ ಹುಡುಗಿಯಾಗಿದ್ದ ಎರ್ಸೀಲಿಯಾ. ತಿತಿನಾ ಅವರ ತಾಯಿ. ಅರವತ್ತು ವರ್ಷ ತಪ್ಪದೆ ನೀರಿಟ್ಟರು. ಏಕೆ ಅಷ್ಟು ನಿಷ್ಠೆ ಎಂಬುದು ಮಗಳಿಗೆ ಗೊತ್ತಾದದ್ದು ತಾಯಿ ಹಾಸಿಗೆ ಹಿಡಿದ ಮೇಲೆ.

"ಒಂದು ಬೆಳಗ್ಗೆ ಅಮ್ಮ ನನ್ನ ಕೈ ಹಿಡ್ಕೊಂಡು ಹೇಳಿದಳು. ಬಾಗಿಲು ಹಾಕಿದ ಮಾರನೇ ದಿನ ಅವಳು ಹಸಿರು ಬಾಗಿಲಿನ ಮುಂದೆ ಹೋಗ್ತಿದ್ದಳಂತೆ. ಒಳಗಿಂದ ಸದ್ದು ಕೇಳಿಸ್ತಂತೆ. ಟಕ್, ಟಕ್ ಅಂತ. ಮರದ ಚಪ್ಪಲಿ ತಗೊಂಡು ಕಲ್ಲಿಗೆ ಬಡಿದ ಹಾಗೆ. ನಿಂತು ಕೇಳಿದಳಂತೆ. ನೀರು ತೊಟ್ಟಿಕ್ಕುತ್ತಿರಬೇಕು ಅಂದ್ಕೊಂಡು ಹೊರಟುಹೋದಳಂತೆ."

ತಿತಿನಾ ಪೊರಕೆಯನ್ನು ಗೋಡೆಗೆ ಒರಗಿಸುತ್ತಾರೆ. "ಹೊರಟುಹೋದಳು ದೊತ್ತೋ. ಅದು ನೀರಲ್ಲ ಅಂತ ಅವಳಿಗೆ ಗೊತ್ತಿತ್ತು. ಬಾಂಬಿನ ಕಾಲ, ಹತ್ತೊಂಬತ್ತು ವರ್ಷ. ಹೆದರಿದಳು."

ತಾಯಿ ತೀರಿಕೊಂಡು ಕೆಲವು ವರ್ಷಗಳ ನಂತರ ಇಗರ್ಜಿಯವರು ಆಸರೆಯನ್ನು ನೋಡುಗರಿಗೆ ತೆರೆಯುವ ತೀರ್ಮಾನ ಮಾಡಿ, ಕೀಲಿ ಹಿಡಿಯುವವರು ಯಾರಿದ್ದೀರಿ ಎಂದು ಕೇಳಿದರು. ಕೈ ಎತ್ತಿದ್ದು ತಿತಿನಾ ಒಬ್ಬರೇ. ಅವರು ಹಾಕಿದ ನಿಯಮವೂ ಒಂದೇ: ಎಷ್ಟು ಜನ ಇಳಿದರೋ ಅಷ್ಟೇ ಜನ ಹತ್ತಬೇಕು.

ಎಣಿಸಲು ಅವರು ಕಂಡುಕೊಂಡ ದಾರಿ ಈ ಊರಿನದೇ. ಕ್ರಿಸ್‌ಮಸ್ ದಿನಗಳಲ್ಲಿ ಮನೆಮನೆಯಲ್ಲಿ ಆಡುವ ತೊಂಬೊಲಾ ಆಟದಲ್ಲಿ ಒಂದರಿಂದ ತೊಂಬತ್ತರವರೆಗೆ ಅಂಕಿ ಕೊರೆದ ಮರದ ಬಿಲ್ಲೆಗಳಿರುತ್ತವೆ. ಇಲ್ಲಿ ಪ್ರತಿ ಅಂಕಿಗೂ ಒಂದು ಅರ್ಥ. ಐವತ್ತು ಎಂದರೆ ರೊಟ್ಟಿ, ಐವತ್ತೆರಡು ಎಂದರೆ ಅಮ್ಮ, ತೊಂಬತ್ತು ಎಂದರೆ ಭಯ. ಇಳಿಯುವ ಪ್ರತಿಯೊಬ್ಬರಿಗೂ ಒಂದು ಬಿಲ್ಲೆ. ಹತ್ತಿ ಬಂದವರು ಬಾಗಿಲ ಬಳಿಯ ತಾಮ್ರದ ಬೋಗುಣಿಗೆ ಅದನ್ನು ಹಾಕಿ ಹೋಗಬೇಕು. ಕೆಲವು ಅಂಕಿಗಳನ್ನು ತಿತಿನಾ ಯಾರಿಗೂ ಕೊಡುವುದಿಲ್ಲ. ಹದಿನೇಳು, ಅಪಶಕುನ. ನಲವತ್ತೇಳು, ಸತ್ತವನು. ನಲವತ್ತೆಂಟು, ಮಾತಾಡುವ ಸತ್ತವನು. ಅರವತ್ತೆರಡು, ಕೊಲೆಯಾದವನು. ತೊಂಬತ್ತು. ಈ ಐದೂ ಅವರ ಅಡುಗೆಮನೆಯ ಬೀರುವಿನಲ್ಲಿ, ಬಿಸ್ಕತ್ತಿನ ಹಳೆಯ ಡಬ್ಬಿಯೊಳಗೆ ಇದ್ದವು.

ಮೂರು ವರ್ಷದ ಹಿಂದಿನ ನವೆಂಬರ್. ಶನಿವಾರ. ಬೆಳಗಿನಿಂದ ಮಳೆ. ಕೊನೆಯ ಸರದಿಯಲ್ಲಿ ಇಳಿದವರು ಆರು ಜನ: ಫ್ರಾನ್ಸಿನ ಎರಡು ಜೋಡಿ ಮುದಿ ದಂಪತಿಗಳು, ಒಬ್ಬ ಶಾಲಾ ಮೇಷ್ಟ್ರು, ಮತ್ತು ದೂರದ ಉತ್ತರದ ತ್ರಿಯೆಸ್ತೆ ಊರಿನಿಂದ ಒಂಟಿಯಾಗಿ ಬಂದಿದ್ದ ನೆರಿನಾ ಕೊಸ್ಸುತ್ತಾ. ನೆರಿನಾ ನಿವೃತ್ತ ದೂರವಾಣಿ ಆಪರೇಟರ್, ಆಗ ಎಪ್ಪತ್ನಾಲ್ಕು ವರ್ಷ. ಮೂವತ್ತೈದು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಬೇರೆಯವರ ಊರುಗಳಿಗೆ ತಂತಿ ಜೋಡಿಸಿದವರು. ನಿವೃತ್ತಿಯಾದ ಮೇಲೆ ವರ್ಷಕ್ಕೊಂದು ಊರು ನೋಡುವ ನೇಮ. ಸಾಲಿನಲ್ಲಿ ನಿಲ್ಲಬೇಕಾದ ಯಾವ ಜಾಗಕ್ಕೂ ಹೋಗುವುದಿಲ್ಲ ಎಂಬುದು ಅವರ ಹಟ.

ತಿತಿನಾ ಕೈಗೆ ಸಿಕ್ಕ ಬಿಲ್ಲೆ ಕೊಟ್ಟರು. ಐವತ್ತೆರಡು.

"ಇದರ ಅರ್ಥ ಏನು?" ನೆರಿನಾ ಕೇಳಿದರು.

"ಅಮ್ಮ."

"ಮಕ್ಕಳಿಲ್ಲದವಳಿಗೆ ಇದು ತಮಾಷೆಯಾ?"

"ಮಕ್ಕಳಿಲ್ಲದಿದ್ದರೆ ಏನಂತೆ, ಅಮ್ಮ ಅಂತೂ ಇದ್ದಿರಬೇಕಲ್ಲ. ಹುಷಾರಾಗಿ ಇಳೀರಿ, ಅರವತ್ತನೇ ಮೆಟ್ಟಿಲು ಮುರಿದಿದೆ."

ಹನ್ನೆರಡೂವರೆ ದಾಟಿದ ಮೇಲೆ ಒಬ್ಬೊಬ್ಬರೇ ಹತ್ತಿ ಬಂದರು. ಮಳೆಯಿಂದಾಗಿ ಎಲ್ಲರೂ ಹೊಸ್ತಿಲಲ್ಲೇ ಕೊಡೆ ಬಿಚ್ಚಿದರು, ತಿತಿನಾ ಮುಖ ನೋಡಲಿಲ್ಲ. ಹೊಸ್ತಿಲಿಗೆ ನುಗ್ಗುತ್ತಿದ್ದ ನೀರನ್ನು ಬಗ್ಗಿ ಒರೆಸುತ್ತಿದ್ದರು. ಬಿಲ್ಲೆಗಳು ಬೋಗುಣಿಗೆ ಬಿದ್ದ ಸದ್ದು ಮಾತ್ರ ಎಣಿಸಿದರು. ಐದು. ಸ್ವಲ್ಪ ತಡವಾಗಿ ಮೆಟ್ಟಿಲ ಮೇಲೆ ಇನ್ನೊಂದು ಹೆಜ್ಜೆ ಸದ್ದು. ಟಕ್, ಟಕ್. ಬಗ್ಗಿದ್ದವರ ಕಣ್ಣಿಗೆ ಒದ್ದೆಯಾದ ಲಂಗದ ಅಂಚು ಕಂಡಿತು. ಬೋಗುಣಿಯಲ್ಲಿ ಸದ್ದಾಯಿತು. ಆರು.

"ಜಾರುತ್ತೆ, ನೋಡ್ಕೊಂಡು ಹೋಗಿ ಅಂದೆ. ಮಾತಿಲ್ಲ. ತಲೆ ಎತ್ತಿದೆ, ಓಣಿಯಲ್ಲಿ ಯಾರೂ ಇಲ್ಲ. ಎದುರಿಗೆ ಕಾಫಿ ಅಂಗಡಿಯ ದೊನ್ ಅನಿಯೆಲ್ಲೊ ಸಿಗರೇಟು ಸೇದ್ತಾ ನಿಂತಿದ್ದ."

ದೀಪದ ಗುಂಡಿಯನ್ನು ಆ ವರ್ಷವಷ್ಟೇ ಮೇಲಕ್ಕೆ ತಂದಿದ್ದರು, ತಿತಿನಾ ಅವರ ಮಂಡಿಗಾಗಿ. ಗುಂಡಿ ಒತ್ತಿದರು, ಬೀಗ ಹಾಕಿದರು. ಮುಂದಿನ ಗುರುವಾರದವರೆಗೆ ಆ ಬಾಗಿಲು ತೆಗೆಯುವಂತಿರಲಿಲ್ಲ. ಬಾಗಿಲು ಮುಚ್ಚಿರುವ ದಿನಗಳಲ್ಲಿ ನೀರಿನ ಲೋಟವನ್ನೂ ಅವರು ಆಗ ಬದಲಿಸುತ್ತಿರಲಿಲ್ಲ.

ಮನೆಗೆ ಹೋಗಿ ಕಾಳು ಬೇಯಲು ಇಟ್ಟು, ಬಿಲ್ಲೆಗಳನ್ನು ಚೀಲಕ್ಕೆ ಹಾಕಲು ಮೇಜಿನ ಮೇಲೆ ಸುರಿದರು. ಆರು ಬಿಲ್ಲೆ. ಆರನೆಯದು ನಲವತ್ತೆಂಟು.

"ಬೀರು ತೆಗೆದೆ, ಡಬ್ಬಿ ತೆಗೆದೆ. ಹದಿನೇಳಿದೆ, ನಲವತ್ತೇಳಿದೆ, ಅರವತ್ತೆರಡಿದೆ, ತೊಂಬತ್ತಿದೆ. ಅದೊಂದಿಲ್ಲ. ಹಾಗಾದರೆ ಬರಬೇಕಾಗಿದ್ದು ಯಾವುದು? ಐವತ್ತೆರಡು. ಆ ತ್ರಿಯೆಸ್ತೆಯಮ್ಮ."

ಒಲೆ ಆರಿಸುವುದನ್ನೂ ಮರೆತು, ಮನೆಯ ಚಪ್ಪಲಿಯಲ್ಲೇ ಮಳೆಯಲ್ಲಿ ಓಡಿದರು. ಬೀಗ ತೆಗೆದು, ದೀಪ ಹಾಕಿ, ನೂರ ಮೂವತ್ತೊಂದು ಮೆಟ್ಟಿಲು ಇಳಿದರು. ಮೂರನೇ ಕೋಣೆಯ ಮೂಲೆಯಲ್ಲಿ ನೆರಿನಾ ಗೋಡೆಗೊರಗಿ ಕೂತಿದ್ದರು. ತುಟಿ ನೀಲಿ, ಮೈಯೆಲ್ಲ ಬೆವರು. ಮಡಿಲಲ್ಲಿ ಖಾಲಿ ಲೋಟ. ತಿತಿನಾ ಜೇಬಿನಲ್ಲಿದ್ದ ಮಿಠಾಯಿಯನ್ನು ಅವರ ಬಾಯಿಗೆ ಇಟ್ಟು, ಕೆನ್ನೆ ತಟ್ಟಿದರು. ಸ್ವಲ್ಪ ಹೊತ್ತಿಗೆ ನೆರಿನಾ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು: "ಅವರು ನಿಮಗೆ ಹೇಳಿದರಾ?"

"ಯಾರು?"

"ಇಲ್ಲಿ ಕೂತಿದ್ದರಲ್ಲ, ಅವರು."

ನಾನು ನೆರಿನಾ ಅವರ ಜೊತೆ ಫೋನಿನಲ್ಲಿ ಮಾತಾಡಿದೆ. ಬದುಕಿಡೀ ಫೋನಿನಲ್ಲಿ ಕಳೆದವರ ದನಿ, ಒಂದೊಂದು ಅಕ್ಷರವೂ ಸ್ಪಷ್ಟ. ಅವರಿಗೆ ಸಕ್ಕರೆ ಕಾಯಿಲೆ. ಅಂದು ಬೆಳಗ್ಗೆ ಸರಿಯಾಗಿ ತಿಂದಿರಲಿಲ್ಲ. ಮೂರನೇ ಕೋಣೆಗೆ ಬರುವಷ್ಟರಲ್ಲಿ ಕಣ್ಣು ಕತ್ತಲಿಟ್ಟು ಕೂತುಬಿಟ್ಟರು. ಉಳಿದವರು ಮುಂದೆ ಹೋಗಿದ್ದರು.

"ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದರು. ನಾನು ಬರುವ ಮೊದಲೇ ಇದ್ದರೋ ಆಮೇಲೆ ಬಂದರೋ ಹೇಳಲಾರೆ. ನೀರು ಕೊಟ್ಟರು. ನನ್ನಿಂದ ಏಳೋಕೆ ಆಗ್ತಿಲ್ಲ, ಮೇಲೆ ಹೇಳಿ ಅಂತ ನನ್ನ ಬಿಲ್ಲೆ ಅವರ ಕೈಗೆ ಕೊಟ್ಟೆ. ಆ ಕೈ ತುಂಬ ತಣ್ಣಗಿತ್ತು. 'ನೀನು ಏಳಬೇಡ, ನಾನು ಯಾರನ್ನಾದರೂ ಕಳಿಸ್ತೀನಿ' ಅಂದರು. ಕುಂಟುತ್ತಾ ಹೋದರು. ಮರದ ಚಪ್ಪಲಿ ಸದ್ದು ಕೊನೇ ಮೆಟ್ಟಿಲವರೆಗೂ ಕೇಳಿಸ್ತು. ಆಮೇಲೆ ದೀಪ ಹೋಯ್ತು."

ಕತ್ತಲಲ್ಲಿ ಮುಕ್ಕಾಲು ಗಂಟೆ. ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ.

"ಅವರು ಹತ್ತಿದ್ದು ಕೇಳಿಸಿತ್ತು. ಇಳಿದಿದ್ದು ಕೇಳಿಸಲಿಲ್ಲ. ಆದರೂ ಕತ್ತಲಿಡೀ ನನ್ನ ಕೈ ಮೇಲೆ ಒಂದು ಕೈ ಇತ್ತು. ಅದಕ್ಕೇ ಹೆದರಿಕೆ ಆಗಲಿಲ್ಲ. ಈಗ ನೆನೆಸ್ಕೊಂಡರೆ ಆಗುತ್ತೆ."

ಆಸ್ಪತ್ರೆಯ ವೈದ್ಯರು, ಸಕ್ಕರೆ ಇಳಿದಾಗ ಏನೇನೋ ಕಾಣುತ್ತದೆ ಎಂದರು. ರಾತ್ರಿಯವರೆಗೆ ಅಲ್ಲೇ ಇದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದೂ ಹೇಳಿದರು. ತ್ರಿಯೆಸ್ತೆಯಲ್ಲಿ ಅವರ ದಾರಿ ಕಾಯುವವರು ಯಾರೂ ಇರಲಿಲ್ಲ. ಆ ದಿನವೇ ಹೋಟೆಲು ಬಿಟ್ಟಿದ್ದರು.

ಕಾಫಿ ಅಂಗಡಿಯ ದೊನ್ ಅನಿಯೆಲ್ಲೊ ದೆವ್ವ ನಂಬುವವರಲ್ಲ. "ಇವಳ ಬೆರಳಿಗೆ ಸ್ಪರ್ಶ ಇಲ್ಲ, ಕಣ್ಣಿಗೆ ಪೊರೆ. ಯಾವಾಗಲೋ ನಲವತ್ತೆಂಟನ್ನ ಚೀಲಕ್ಕೆ ಹಾಕಿದಾಳೆ, ಆ ಮೇಷ್ಟ್ರಿಗೋ ಯಾರಿಗೋ ಕೊಟ್ಟಿದಾಳೆ. ಅಷ್ಟೇ," ಎಂದು ನನ್ನ ಮುಂದೆ ಕಾಫಿ ಇಡುತ್ತಾರೆ.

"ಹಾಗಾದರೆ ಬೋಗುಣಿಗೆ ಆರು ಬಿಲ್ಲೆ ಹೇಗೆ ಬಿತ್ತು?" ತಿತಿನಾ ಬಿಡುವುದಿಲ್ಲ. "ನೀನು ಎದುರಿಗೇ ನಿಂತಿದ್ದೆಯಲ್ಲ. ಎಷ್ಟು ಜನ ಹೊರಗೆ ಬಂದರು, ಹೇಳು."

ದೊನ್ ಅನಿಯೆಲ್ಲೊ ಲೋಟ ಒರೆಸುತ್ತಾರೆ. ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಾರೆ.

"ಐದು," ಎನ್ನುತ್ತಾರೆ.

"ಕೇಳಿದಿರಾ ದೊತ್ತೋ? ಇವನಿಗೆ ಕಣ್ಣು ನೆಟ್ಟಗಿದೆಯಂತೆ."

"ಕೆಳಗಿನೋರಿಗೆ ನನ್ನ ನಮಸ್ಕಾರ ಹೇಳು ಹೋಗು. ಕಾಫಿ ಬೇಕಾದರೆ ಮೇಲೆ ಬರಲಿ."

"ನಿನ್ನ ಕಾಫಿಗಿಂತ ಅಲ್ಲಿನ ನೀರೇ ರುಚಿ. ಒಂದು ದಿನ ಇಳಿದು ಬಂದು ಕುಡಿ."

"ಇಳೀತೀನಿ, ಅವಸರ ಏನು. ಕೊನೆಗೆ ಎಲ್ಲರೂ ಕೆಳಗೇ ತಾನೆ," ಎನ್ನುತ್ತಾರೆ ಅವರು. ಆದರೆ ಗೋಡೆಗೆ ಗೋಡೆ ತಾಗಿದಂತೆ ನಲವತ್ತು ವರ್ಷ ಅಂಗಡಿ ನಡೆಸಿದ್ದರೂ ಹಸಿರು ಬಾಗಿಲು ದಾಟಿಲ್ಲ ಎಂಬುದು ಓಣಿಗೆಲ್ಲ ಗೊತ್ತು.

ಐವತ್ತೆರಡು ಇವತ್ತಿಗೂ ಸಿಕ್ಕಿಲ್ಲ. ಮೂರೂ ಕೋಣೆಗಳ ಸಂದಿಗೊಂದಿ ಹುಡುಕಿದರು, ಮೆಟ್ಟಿಲುಗಳನ್ನು ಗುಡಿಸಿದರು. ಹೊಸ ಬಿಲ್ಲೆ ಮಾಡಿಸಿಕೊಡುತ್ತೇನೆಂದು ನೆರಿನಾ ಹೇಳಿದರೂ ತಿತಿನಾ ಒಪ್ಪಲಿಲ್ಲ. "ಕೆಳಗಿನೋರ ಹತ್ರಾನೇ ಇರಲಿ. ಅಮ್ಮ ಅನ್ನೋದು ಒಂದಾದರೂ ಅವರ ಕೈಯಲ್ಲಿರಲಿ."

ಆ ಶನಿವಾರದ ಬಗ್ಗೆ ಮಾತಾಡುವಾಗ ತಿತಿನಾ ಅವರನ್ನು ಕಾಡುವುದು ಬೇರೆಯೇ. "ಸದ್ದು ಎಣಿಸಿದೆ, ಮುಖ ನೋಡಲಿಲ್ಲ. ಬೀಗ ಹಾಕಿ ಹೊರಟುಹೋದೆ, ನಮ್ಮಮ್ಮ ಹೋದ ಹಾಗೇ. ನನಗೆ ತಿರುಗಿ ಬರೋಕೆ ಒಂದು ಅವಕಾಶ ಸಿಕ್ತು. ಅವಳಿಗೆ ಸಿಗಲಿಲ್ಲ."

ಅಂದಿನಿಂದ ಅವರು ಮೇಲಿನ ಗುಂಡಿಯನ್ನು ನಂಬುವುದಿಲ್ಲ. ಮುಚ್ಚುವ ಮೊದಲು ಮತ್ತೊಮ್ಮೆ ಇಳಿದು ಮೂರೂ ಕೋಣೆ ನೋಡಿ ಬರುತ್ತಾರೆ. ದಿನಕ್ಕೆ ಎರಡು ಸಲ ಇಳಿದು ಹತ್ತಿದರೆ ಐನೂರ ಇಪ್ಪತ್ನಾಲ್ಕು ಮೆಟ್ಟಿಲು. ಮಂಡಿಯ ಎಲುಬು ಸವೆದಿದೆ, ಐವತ್ತು ಮೆಟ್ಟಿಲೂ ಹತ್ತಬಾರದು ಎಂದು ವೈದ್ಯರು ಬರೆದುಕೊಟ್ಟ ಚೀಟಿ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ. ಆಸರೆ ಮುಚ್ಚಿರುವ ನಾಲ್ಕು ದಿನವೂ ಈಗ ನೀರು ತಪ್ಪುವುದಿಲ್ಲ. ನೆರಿನಾ ಪ್ರತಿ ನವೆಂಬರಿನಲ್ಲಿ ಬರುತ್ತಾರೆ. ಹೊಸ ಊರು ನೋಡುವ ನೇಮ ಬಿಟ್ಟಿದ್ದಾರೆ. ಇಬ್ಬರೂ ಇಳಿದು, ಮೂರನೇ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತು, ಮೇಲೆ ಬಂದು ಬೇಯಿಸಿದ ಕಾಳು ತಿನ್ನುತ್ತಾರೆ. ಕೆಳಗೆ ಏನು ಮಾತಾಡುತ್ತೀರಿ ಎಂದು ಕೇಳಿದರೆ, "ನಾವು ಮಾತಾಡಲ್ಲ, ಕೇಳಿಸ್ಕೊಳ್ತೀವಿ," ಎನ್ನುತ್ತಾರೆ.

ಬರುವ ವರ್ಷ ಇಗರ್ಜಿಯವರು ಬಾಗಿಲಿಗೆ ಎಣಿಸುವ ಯಂತ್ರ ಕೂರಿಸಲಿದ್ದಾರೆ. ಒಬ್ಬರು ದಾಟಿದರೆ ಒಂದು ಅಂಕಿ ತಾನಾಗಿ ಬೀಳುತ್ತದೆ. ತಿತಿನಾ ಅವರಿಗೆ ಬೇಸರವಿಲ್ಲ. "ಅದು ಎಣಿಸಲಿ. ನಾನೂ ಎಣಿಸ್ತೀನಿ. ಯಾರ ಲೆಕ್ಕ ತಪ್ಪುತ್ತೋ ನೋಡೋಣ."

ಇಷ್ಟು ವರ್ಷದ ಸೇವೆಗೆ ಏನಾದರೂ ಕೊಡಬೇಕೆಂದು ಪಾದ್ರಿಗಳು ಕೇಳಿಕಳಿಸಿದ್ದಾರೆ. ಒಂದು ಫಲಕ, ಒಂದು ಸಣ್ಣ ಸಮಾರಂಭ ಎಂದೆಲ್ಲ ಅವರ ಯೋಚನೆ. ಹಾಗಾದರೆ ನಿಮಗೆ ಏನು ಬೇಕು ಎಂದು ನಾನೂ ಕೇಳುತ್ತೇನೆ. ತಿತಿನಾ ಹಣ್ಣಿನ ಪೆಟ್ಟಿಗೆಯ ಮೇಲೆ ಕೂತು ಮಂಡಿ ಉಜ್ಜಿಕೊಳ್ಳುತ್ತಿದ್ದಾರೆ.

"ಒರಗಿಕೊಳ್ಳೋಕೆ ಬೆನ್ನಿರೋ ಕುರ್ಚಿ ಸಾಕು ಅಂತ ಹೇಳಿದೀನಿ. ಎರಡು."

"ಎರಡು ಯಾಕೆ?"

"ಒಂದು ಇಲ್ಲಿಗೆ." ಪೊರಕೆ ಎತ್ತಿಕೊಂಡು ಎದ್ದು ನಿಲ್ಲುತ್ತಾರೆ. "ಒಂದು ಕೆಳಗೆ. ಇಷ್ಟು ವರ್ಷ ಪಾಪ, ನೆಲದ ಮೇಲೇ ಕೂತಿದಾರೆ."